ಎಂಟಿಟಿ ಪರೀಕ್ಷೆ: ಅಶ್ವಗಂಧದ ಸಾರ ಕ್ಯಾನ್ಸರ್ ಕೋಶವನ್ನು ಕೊಂದಿತೆಂದು ಯಾವಾಗ ಹೇಳಬಹುದು?

ಅಶ್ವಗಂಧ ಎಂದರೆ ನಮಗೆ ಆ ಗಿಡದ ಬೇರು ನೆನಪಾಗುತ್ತದೆ. ಆದರೆ ಕ್ಯಾನ್ಸರ್ ಸಂಶೋಧನೆಯಲ್ಲಿ ಹೆಚ್ಚು ಚರ್ಚೆಯಾಗುವ ವಿಥಫೆರಿನ್-ಎ ಎಂಬ ರಾಸಾಯನಿಕ ಸಾಮಾನ್ಯವಾಗಿ ಎಲೆಯಲ್ಲೇ ಜಾಸ್ತಿ. ಅದು ನೀರಿಗಿಂತ ಮೆಥನಾಲ್‌ನಲ್ಲಿ ಚೆನ್ನಾಗಿ ಕರಗುತ್ತದೆ. ಆದ್ದರಿಂದ ಯಾವ ವರದಿ ಓದಿದರೂ ಗಿಡದ ಯಾವ ಭಾಗ, ಯಾವ ದ್ರಾವಕ ಎಂಬುದನ್ನು ಮೊದಲು ಹುಡುಕಿ.

ಇನ್ನು ಪರೀಕ್ಷೆ. ಎಷ್ಟು ಕೋಶಗಳು ಬದುಕಿವೆ ಎಂಬುದನ್ನು ಬಣ್ಣದಿಂದ ಅಂದಾಜಿಸುವ ಎಂಟಿಟಿ ವಿಧಾನವನ್ನು 1983ರಲ್ಲಿ ಪ್ರಕಟಿಸಿದ್ದು ಮಾಸ್ಮನ್ ಎಂಬ ವಿಜ್ಞಾನಿ. 96 ಗುಳಿಗಳ ಪ್ಲೇಟಿನಲ್ಲಿ ಕೋಶಗಳನ್ನು ಬೆಳೆಸಿ, ಬೇರೆ ಬೇರೆ ಪ್ರಮಾಣದಲ್ಲಿ ಸಾರ ಹಾಕಿ, 24ರಿಂದ 72 ಗಂಟೆ ಬಿಡುತ್ತಾರೆ. ಆಮೇಲೆ ಎಂಟಿಟಿ ಎಂಬ ಹಳದಿ ರಾಸಾಯನಿಕ ಹಾಕಿದರೆ ಬದುಕಿರುವ ಕೋಶಗಳ ಕಿಣ್ವಗಳು ಅದನ್ನು ನೇರಳೆ ಫಾರ್ಮಜಾನ್ ಹರಳುಗಳಾಗಿಸುತ್ತವೆ. ಅವನ್ನು ಡಿಎಂಎಸ್‌ಒ ಎಂಬ ದ್ರಾವಕದಲ್ಲಿ ಕರಗಿಸಿ, 570 ನ್ಯಾನೋಮೀಟರ್‌ನ ಆಸುಪಾಸಿನಲ್ಲಿ ಬೆಳಕಿನ ಹೀರಿಕೆ ಅಳೆಯುತ್ತಾರೆ.

ಎಡವುವುದು ಲೆಕ್ಕದಲ್ಲಿ. ಸಾರ ಹಾಕದ ಕೋಶಗಳ ಹೀರಿಕೆ 0.80, ಕೋಶವಿಲ್ಲದ ಬರೀ ಮಾಧ್ಯಮದ್ದು 0.05, ಸಾರ ಹಾಕಿದ ಕೋಶಗಳದ್ದು 0.35 ಎಂದುಕೊಳ್ಳಿ. 0.05 ಕಳೆದರೆ 0.75 ಮತ್ತು 0.30, ಅಂದರೆ ಶೇ 40 ಬದುಕಿವೆ. ಆದರೆ ಗಿಡದ ಪಾಲಿಫೀನಾಲ್ ಎಂಬ ರಾಸಾಯನಿಕಗಳು ಕೋಶವೇ ಇಲ್ಲದೆ ಎಂಟಿಟಿಯನ್ನು ನೇರಳೆ ಮಾಡಬಲ್ಲವು. ಸಾರಕ್ಕೆ ಸ್ವಂತ ಬಣ್ಣವೂ ಇರುತ್ತದೆ. ಕೋಶವಿಲ್ಲದ ಗುಳಿಯಲ್ಲಿ ಸಾರ ಮತ್ತು ಎಂಟಿಟಿ ಸೇರಿ 0.15 ತೋರಿಸಿದರೆ, ಕಳೆಯಬೇಕಾದದ್ದು ಅದನ್ನು. ಆಗ ಉಳಿಯುವುದು ಸುಮಾರು ಶೇ 27. ಈ ಒಂದು ಸಾಲು ಗುಳಿಗಳನ್ನು ಬಿಟ್ಟ ಪ್ರಯೋಗವನ್ನು ನಾನಂತೂ ನಂಬುವುದಿಲ್ಲ.

ಸಾರ ಕರಗಿಸಲು ಬಳಸಿದ ಡಿಎಂಎಸ್‌ಒ ಕೂಡ ಕೋಶಕ್ಕೆ ಹಾನಿ ಮಾಡುತ್ತದೆ. ಅದನ್ನು ಸಾಮಾನ್ಯವಾಗಿ ಶೇ 0.5 ಮೀರದಂತೆ ಇಟ್ಟು, ಅಷ್ಟೇ ಡಿಎಂಎಸ್‌ಒ ಮಾತ್ರ ಹಾಕಿದ ಕೋಶಗಳ ಜೊತೆ ಹೋಲಿಸಬೇಕು. ಡಾಕ್ಸೊರುಬಿಸಿನ್‌ನಂಥ ಗೊತ್ತಿರುವ ಕ್ಯಾನ್ಸರ್ ಔಷಧ ಹಾಕಿದ ಗುಳಿಗಳೂ ಹೋಲಿಕೆಗೆ ಇರಲಿ.

ಇಷ್ಟಾದರೂ ನೇರಳೆ ಕಡಿಮೆಯಾದ ಮಾತ್ರಕ್ಕೆ ಕೋಶ ಸತ್ತಿತೆಂದು ಬರೆಯಬೇಡಿ. ವಿಭಜನೆ ನಿಂತಿರಬಹುದು, ಚಯಾಪಚಯ ಕುಗ್ಗಿರಬಹುದು. ಸಾವು ಖಚಿತವಾಗಲು ಟ್ರಿಪಾನ್ ಬ್ಲೂ ಎಂಬ ಬಣ್ಣ ಹಾಕಿ ನೋಡಬೇಕು: ಪೊರೆ ಒಡೆದ ಕೋಶ ಮಾತ್ರ ನೀಲಿಯಾಗುತ್ತದೆ. ಅಪೊಪ್ಟೋಸಿಸ್, ಅಂದರೆ ಕೋಶ ತನ್ನನ್ನು ತಾನೇ ಕೊನೆಗೊಳಿಸಿಕೊಂಡಿತು ಎನ್ನಬೇಕಾದರೆ ಅನೆಕ್ಸಿನ್-ವಿ ಪರೀಕ್ಷೆಯಂಥ ಬೇರೆ ಸಾಕ್ಷಿ ಬೇಕು.

ಐಸಿ50 ಎಂದರೆ ಈ ಅಳತೆಯನ್ನು ಅರ್ಧಕ್ಕೆ ಇಳಿಸುವ ಪ್ರಮಾಣ. ಅದನ್ನು ಒಂಟಿಯಾಗಿ ಓದಬಾರದು. ಸ್ತನ ಕ್ಯಾನ್ಸರಿನ ಎಂಸಿಎಫ್-7 ಕೋಶಗಳಿಗೆ ಮಿಲಿಲೀಟರಿಗೆ 20 ಮೈಕ್ರೋಗ್ರಾಂ, ಕ್ಯಾನ್ಸರ್ ಅಲ್ಲದ ಕೋಶಗಳಿಗೆ 22 ಬಂದರೆ, ಆ ಸಾರ ಎರಡಕ್ಕೂ ಹೆಚ್ಚುಕಡಿಮೆ ಒಂದೇ ವಿಷ. 22ನ್ನು 20ರಿಂದ ಭಾಗಿಸಿದಾಗ ಬರುವ 1.1 ಅದರ ಆಯ್ಕೆ ಸೂಚ್ಯಂಕ. ಅದು ಹೆಚ್ಚಿದಷ್ಟೂ ಮುಂದಿನ ಹಂತಕ್ಕೆ ಒಯ್ಯಲು ಕಾರಣ ಸಿಗುತ್ತದೆ.

"ಹಾಗಾದರೆ ಕಷಾಯ ಕುಡಿದರೆ ಸಾಕಲ್ಲವೇ?" ಎಂದು ಮನೆಯವರು ಕೇಳಿದಾಗ ನಿತ್ಯಪುಷ್ಪದ ಉದಾಹರಣೆ ಕೊಡಿ. ಆ ಗಿಡದಿಂದ ಬಂದ ವಿನ್‌ಕ್ರಿಸ್ಟೀನ್ ಮಕ್ಕಳ ರಕ್ತ ಕ್ಯಾನ್ಸರಿಗೆ ಇಂದಿಗೂ ಮುಖ್ಯ ಔಷಧ. ಅದನ್ನು ಶುದ್ಧೀಕರಿಸಿ, ಪ್ರಮಾಣ ಲೆಕ್ಕಹಾಕಿ, ವೈದ್ಯರ ನಿಗಾದಲ್ಲಿ ರಕ್ತನಾಳಕ್ಕೆ ಕೊಡುತ್ತಾರೆ. ಒಂದು ಡೋಸು ಸಾಮಾನ್ಯವಾಗಿ 2 ಮಿಲಿಗ್ರಾಂ ಮೀರುವುದಿಲ್ಲ.