ಸತ್ತ ಅಜ್ಜನ ಕೆಮ್ಮು ಕೇಳಿಸಿದ್ರೆ ಅದು ಹುಚ್ಚಾ?

ನಮ್ಮಜ್ಜ ತೀರ್ಕೊಂಡು ಎರಡು ತಿಂಗಳಾಗಿರ್ಬೇಕು, ಒಂದಿನ ಬೆಳಗಿನ ಜಾವ ಅಜ್ಜಿ ಎದ್ದು ಎರಡು ಲೋಟ ಕಾಫಿ ಮಾಡಿಟ್ಟಿದ್ರು. ಇನ್ನೊಂದು ಯಾರಿಗಜ್ಜಿ ಅಂದ್ರೆ "ಜಗಲೀಲಿ ಕೆಮ್ಮಿದ್ರಲ್ಲೋ, ಕೇಳಿಸ್ಲಿಲ್ವಾ ನಿಂಗೆ" ಅಂದ್ರು, ಆಮೇಲೆ ಸುಮ್ನಾಗಿ ಆ ಲೋಟನೂ ತಾವೇ ಕುಡಿದ್ರು. ಇದು ವಾರಕ್ಕೊಂದ್ಸಲ ಆಗೋಕೆ ಶುರುವಾದಾಗ ಮನೇಲಿ ಗುಸುಗುಸು. ಅತ್ತೆ ಗಾಳಿ ಸೋಕಿದೆ ತಾಯತ ಕಟ್ಟಿಸೋಣ ಅಂದ್ರು, ಬೆಂಗಳೂರಿನ ಚಿಕ್ಕಪ್ಪ ನಿಮ್ಹಾನ್ಸ್‌ಗೆ ತೋರಿಸ್ಬೇಕು ಅಂದ್ರು, ಆ ಹೆಸರು ಕೇಳಿದ್ದೇ ಅಜ್ಜಿ ಮೂರು ದಿನ ಚಿಕ್ಕಪ್ಪನ ಹತ್ರ ಮಾತು ಬಿಟ್ರು. ಕೊನೆಗೆ ಬಿಪಿ ನೋಡೋಕೆ ಬಂದ ಊರಿನ ಡಾಕ್ಟ್ರು ಕೇಳಿದ್ದು ಇಷ್ಟೇ, ಊಟ ಸೇರುತ್ತಾ, ನಿದ್ದೆ ಬರುತ್ತಾ, ಆ ಕೆಮ್ಮು ಕೇಳಿದಾಗ ಭಯ ಆಗುತ್ತಾ. "ಭಯ ಯಾಕಪ್ಪಾ, ಐವತ್ತು ವರ್ಷ ಕೇಳಿದ ಕೆಮ್ಮು" ಅಂದ್ರು ಅಜ್ಜಿ. ಡಾಕ್ಟ್ರು ಬಿಪಿ ಮಾತ್ರೆ ಬರ್ಕೊಟ್ಟು ಹೋದ್ರು.

ಆಗ ನನಗೆ ಈ ಡಾಕ್ಟ್ರು ತಲೆಗೇ ಹಾಕ್ಕೊಳ್ಲಿಲ್ಲ ಅಂತ ಸಿಟ್ಟು ಬಂದಿತ್ತು. ಸೈಕಾಲಜಿ ಓದೋ ಹುಚ್ಚು ಹತ್ತಿದ್ಮೇಲೆ (ಈ ಪದ ನೋಡಿ, ಎಲ್ಲಿ ಬೇಕಾದ್ರೂ ನುಗ್ಗುತ್ತೆ) ಆ ಮೂರು ಪ್ರಶ್ನೆ ಎಷ್ಟು ಸರಿಯಾಗಿದ್ವು ಅಂತ ಗೊತ್ತಾಯ್ತು. 1971ರಲ್ಲಿ ಡೀವಿ ರೀಸ್ ಅನ್ನೋ ಡಾಕ್ಟ್ರು ವೇಲ್ಸ್‌ನ ಹಳ್ಳಿಗಾಡಲ್ಲಿ ಗಂಡನ್ನೋ ಹೆಂಡ್ತೀನೋ ಕಳ್ಕೊಂಡ 293 ಜನರನ್ನ ಮಾತಾಡಿಸಿ ಒಂದು ವರದಿ ಬರೆದ್ರು. ಹತ್ತತ್ರ ಅರ್ಧ ಜನಕ್ಕೆ ಸತ್ತವರು ಪಕ್ಕದಲ್ಲೇ ಇದ್ದ ಹಾಗೆ ಅನ್ಸಿದ್ದು, ಕಂಡಿದ್ದು, ದನಿ ಕೇಳಿಸಿದ್ದು ಹಿಂಗೆ ಏನೋ ಒಂದು ಆಗಿತ್ತು. ಅವರಲ್ಲಿ ಜಾಸ್ತಿ ಜನ ಅದನ್ನ ಯಾರ ಹತ್ರನೂ ಬಾಯಿಬಿಟ್ಟಿರಲಿಲ್ಲ, ಮತ್ತೆ ಜಾಸ್ತಿ ಜನಕ್ಕೆ ಅದರಿಂದ ಸಮಾಧಾನವೇ ಆಗಿತ್ತು.

ಅಬ್‌ನಾರ್ಮಲ್ ಸೈಕಾಲಜಿಯ ಯಾವ ಪಠ್ಯಪುಸ್ತಕ ತೆಗೆದ್ರೂ ಮೊದಲ ಪಾಠದ ತಲೆನೋವು ಇದೇ, ಯಾವುದನ್ನ ಅಸಹಜ ಅನ್ನೋದು? ಅಪರೂಪದ್ದೆಲ್ಲ ಅಸಹಜ ಅನ್ನೋ ಹಾಗಿದ್ರೆ ನೂರು ಜನರ ಪ್ರಶ್ನೆ ನೆನಪಿಟ್ಕೊಂಡು ಪದ್ಯ ಕಟ್ಟೋ ಶತಾವಧಾನಿಗಳನ್ನ ಮೊದಲು ಅಡ್ಮಿಟ್ ಮಾಡ್ಬೇಕು. ನಾಲ್ಕು ಜನ ಒಪ್ಪದ್ದು ಅಸಹಜ ಅನ್ನೋಣ ಅಂದ್ರೆ ಅದು ಇನ್ನೂ ಡೇಂಜರ್. 1851ರಲ್ಲಿ ಅಮೆರಿಕದ ಲೂಯಿಸಿಯಾನದಲ್ಲಿ ಸ್ಯಾಮ್ಯುಯೆಲ್ ಕಾರ್ಟ್‌ರೈಟ್ ಅನ್ನೋ ವೈದ್ಯ, ಗುಲಾಮರು ಯಜಮಾನನ ಹತ್ರ ತಪ್ಪಿಸ್ಕೊಂಡು ಓಡಿಹೋಗೋದು ಒಂದು ಮಾನಸಿಕ ಕಾಯಿಲೆ ಅಂತ ಹೇಳಿ ಅದಕ್ಕೆ ಡ್ರಾಪೆಟೊಮೇನಿಯಾ ಅಂತ ಹೆಸರನ್ನೂ ಇಟ್ಟ, ಔಷಧಿ ಏನು ಅಂದ್ರೆ ಚಾಟಿ ಏಟು. ಅಷ್ಟು ಹಿಂದಕ್ಕೆ ಹೋಗೋದೂ ಬೇಡ, ಸಲಿಂಗಕಾಮವನ್ನ ಅಮೆರಿಕದ ಮನೋವೈದ್ಯರ ಸಂಘ ತನ್ನ ಕಾಯಿಲೆಗಳ ಪಟ್ಟಿಯಿಂದ ಕೈಬಿಟ್ಟಿದ್ದೇ 1973ರಲ್ಲಿ. ಹಂಗಾಗಿ ಈಗಿನವರು ಮುಖ್ಯವಾಗಿ ಕೇಳೋದು ಆ ಮನುಷ್ಯ ನರಳ್ತಿದಾನಾ, ದಿನದ ಬದುಕು ನಿಂತುಹೋಗಿದ್ಯಾ, ತನಗೋ ಬೇರೆಯವರಿಗೋ ಅಪಾಯ ಇದ್ಯಾ ಅಂತ. ಅದರ ಜೊತೆಗೆ ಅವರ ಊರು ಮನೆಯ ಲೆಕ್ಕದಲ್ಲಿ ಅದಕ್ಕೆ ಏನರ್ಥ ಅಂತಲೂ ನೋಡ್ಬೇಕು, ಜಾತ್ರೇಲಿ ಮೈಮೇಲೆ ದೇವರು ಬಂದು ಮಾರನೇ ದಿನ ಎದ್ದು ಗದ್ದೆಗೆ ಹೋಗೋರನ್ನ ಯಾರೂ ರೋಗಿ ಅನ್ನಲ್ಲ.

ಈಗ ಇನ್ನೊಂದು ದನಿ. ನಮ್ಮ ಬೀದೀಲೇ ಒಬ್ಬ ಹುಡುಗ, ಸೆಕೆಂಡ್ ಪಿಯುಸಿ, ಫ್ಯಾನ್ ಹಾಕಿದ್ರೆ ಸಾಕು ಅದರ ಸದ್ದಿನೊಳಗೆ ಇಬ್ಬರು ಗಂಡಸರು ಅವನ ಬಗ್ಗೆನೇ ಮಾತಾಡೋದು ಕೇಳಿಸ್ತಿತ್ತಂತೆ, "ನೋಡು ಈಗ ಎದ್ದ, ಈಗ ನೀರು ಕುಡೀತಾನೆ, ಕುಡಿಯಕ್ಕೂ ಲಾಯಕ್ಕಿಲ್ಲ" ಅಂತ. ಬೇಸಿಗೇಲೂ ಫ್ಯಾನ್ ಆಫ್ ಮಾಡಿ ಬೆವರ್ತಾ ಕೂತಿರ್ತಿದ್ದ. ಆಮೇಲೆ ಸ್ನಾನ ಬಿಟ್ಟ, ಅಮ್ಮ ಬಡಿಸಿದ ಅನ್ನ ಮೂಸಿ ನೋಡಿ ತಟ್ಟೆ ತಳ್ಳೋಕೆ ಶುರುಮಾಡಿದ. ಇದು ಸ್ಕಿಜೋಫ್ರೇನಿಯಾ ಅನ್ನೋ ಮಾನಸಿಕ ಕಾಯಿಲೆ. 1908ರಲ್ಲಿ ಸ್ವಿಟ್ಜರ್ಲೆಂಡಿನ ಮನೋವೈದ್ಯ ಬ್ಲಾಯ್ಲರ್ ಈ ಹೆಸರು ಕೊಟ್ಟ, ಸೀಳಿದ ಮನಸ್ಸು ಅಂತ ಅರ್ಥ, ಅದನ್ನೇ ಹಿಡ್ಕೊಂಡು ಸಿನಿಮಾದವರು ಒಬ್ಬನೊಳಗೆ ಇಬ್ಬರು ಅಂತ ತೋರಿಸಿ ತೋರಿಸಿ ಜನರ ತಲೇಲಿ ಅದೇ ಕೂತಿದೆ, ಅದಕ್ಕೂ ಇದಕ್ಕೂ ಸಂಬಂಧ ಇಲ್ಲ. ಅವರಪ್ಪ ಎರಡು ವರ್ಷ ಸುತ್ತದ ದೇವಸ್ಥಾನ ಇಲ್ಲ, ಒಬ್ಬ ಮಂತ್ರವಾದಿ ಬಾಗಿಲು ಹಾಕಿ ಮೆಣಸಿನಕಾಯಿ ಹೊಗೆ ಬೇರೆ ಕೊಟ್ಟಿದ್ದ.

ಇದೇ ಹುಡುಗ ಮುನ್ನೂರು ವರ್ಷ ಹಿಂದೆ ಲಂಡನ್‌ನಲ್ಲಿ ಹುಟ್ಟಿದ್ರೆ ಅವನನ್ನ ಬೆತ್ಲೆಮ್ ಅನ್ನೋ ಹುಚ್ಚಾಸ್ಪತ್ರೆಗೆ ಹಾಕ್ತಿದ್ರೇನೋ. 1247ರಲ್ಲಿ ಶುರುವಾದ ಜಾಗ ಅದು, ಅಲ್ಲಿ ಸರಪಳಿ ಹಾಕಿ ಕೂರಿಸಿದವರನ್ನ ಊರ ಜನ ಕಾಸು ಕೊಟ್ಟು ಬಂದು ನೋಡ್ತಿದ್ರು, ಝೂ ನೋಡಿದ ಹಾಗೆ. ಪ್ಯಾರಿಸ್‌ನಲ್ಲಿ ಸರಪಳಿ ಬಿಚ್ಚಿಸಿದ್ದು ಪಿನೆಲ್ ಅನ್ನೋ ವೈದ್ಯ ಅಂತ ಪಾಠದಲ್ಲಿ ಬರುತ್ತೆ, ಅದರ ಮೇಲೊಂದು ದೊಡ್ಡ ಪೇಂಟಿಂಗೇ ಇದೆ, ಆದ್ರೆ ಬಿಸೆತ್ರ್ ಆಸ್ಪತ್ರೇಲಿ 1797ರಲ್ಲಿ ನಿಜವಾಗಿ ಬಿಚ್ಚಿಸಿದ್ದು ಪ್ಯೂಸಾಂ ಅನ್ನೋ ಮೇಲ್ವಿಚಾರಕ, ಅಷ್ಟೊತ್ತಿಗೆ ಪಿನೆಲ್ ಬೇರೆ ಆಸ್ಪತ್ರೆಗೆ ಹೋಗಾಗಿತ್ತು. ಈ ಪ್ಯೂಸಾಂ ಡಾಕ್ಟ್ರಲ್ಲ, ಹಿಂದೊಮ್ಮೆ ಗಂಡಮಾಲೆ ರೋಗ ಅಂತ ಅದೇ ಬಿಸೆತ್ರ್‌ಗೆ ಸೇರಿದ್ದವನು. ಹಗಲೂ ರಾತ್ರಿ ರೋಗಿಗಳ ಜೊತೆ ಇರೋನಿಗೆ ಗೊತ್ತಾಗೋದು ರೌಂಡ್ಸ್‌ಗೆ ಬಂದು ಹೋಗೋನಿಗೆ ಗೊತ್ತಾಗಲ್ಲ ಅನ್ನೋದು ನನ್ನ ಅಭಿಪ್ರಾಯ, ಪಿನೆಲ್‌ನ ದೊಡ್ಡತನ ಏನಂದ್ರೆ ಇವನ ಹತ್ರ ಕಲಿತೆ ಅಂತ ಒಪ್ಕೊಂಡಿದ್ದು.

ನಮ್ಮ ಬೆಂಗಳೂರಿನ ಕಥೆ ಶುರುವಾಗೋದು 1847ರಲ್ಲಿ, ಲುನಾಟಿಕ್ ಅಸೈಲಂ ಅಂತ, ಅಂದ್ರೆ ಹುಚ್ಚಾಸ್ಪತ್ರೆ. 1925ರಲ್ಲಿ ಮೈಸೂರು ಸರ್ಕಾರ ಆ ಹೆಸರು ತೆಗೆದು ಮೆಂಟಲ್ ಹಾಸ್ಪಿಟಲ್ ಅಂತ ಮಾಡ್ತು, ಬಂದವರು ರೋಗಿಗಳು, ಕೈದಿಗಳಲ್ಲ ಅನ್ನೋ ಥರ. ಆಮೇಲೆ ಪೇಟೆ ಬಿಟ್ಟು ಹೊಸೂರು ರಸ್ತೆಗೆ ಹೋಯ್ತು, 1954ರಲ್ಲಿ ಅದರ ಪಕ್ಕ ಮಾನಸಿಕ ಆರೋಗ್ಯದ ಅಖಿಲ ಭಾರತ ಸಂಸ್ಥೆ ಬಂತು, 1974ರಲ್ಲಿ ಎರಡೂ ಸೇರಿ ನಿಮ್ಹಾನ್ಸ್ ಆಯ್ತು. ತಮಾಷೆ ಏನಂದ್ರೆ ಮರ್ಯಾದೆಗೆ ಅಂತ ತಂದ ಮೆಂಟಲ್ ಅನ್ನೋ ಪದ ಬೈಗುಳ ಆಯ್ತು, ಈಗ ನಿಮ್ಹಾನ್ಸ್ ಕೇಸು ಅನ್ನೋದೂ ಬೈಗುಳ. ಬೋರ್ಡ್ ಬದಲಾದಷ್ಟು ಬೇಗ ಜನ ಬದಲಾಗಲ್ಲ.

ಟ್ರೀಟ್ಮೆಂಟ್ ವಿಷಯಕ್ಕೆ ಬಂದ್ರೆ 1930, 40ರ ದಶಕ ಒಂಥರಾ ಭಯಾನಕ. ಇನ್ಸುಲಿನ್ ಚುಚ್ಚಿ ಸಕ್ಕರೆ ಇಳಿಸಿ ಕೋಮಾಕ್ಕೆ ಕಳಿಸಿ ಮತ್ತೆ ಗ್ಲೂಕೋಸ್ ಕೊಟ್ಟು ಎಬ್ಬಿಸೋದು, ಮಿದುಳಿನ ಮುಂಭಾಗದ ನರಗಳನ್ನ ಕತ್ತರಿಸೋದು, ಈ ಎರಡನೇದಕ್ಕೆ ಪೋರ್ಚುಗಲ್‌ನ ಮೊನೀಝ್‌ಗೆ 1949ರಲ್ಲಿ ನೊಬೆಲ್ ಕೂಡ ಸಿಕ್ತು. ತಿರುವು ಬಂದಿದ್ದು 1952ರಲ್ಲಿ. ಫ್ರಾನ್ಸ್‌ನ ಸರ್ಜನ್ ಲಾಬೊರಿ ಆಪರೇಷನ್ ಟೈಮಲ್ಲಿ ಕೊಡೋಕೆ ಅಂತ ಕ್ಲೋರ್‌ಪ್ರೊಮಜೀನ್ ಅನ್ನೋ ಔಷಧಿ ಟ್ರೈ ಮಾಡ್ತಿದ್ದ, ರೋಗಿಗಳಿಗೆ ನಿದ್ದೆ ಬರ್ದೇ ಇದ್ರೂ ಚಿಂತೆಯೇ ಇಲ್ಲದ ಹಾಗೆ ಇರ್ತಿದ್ರು. ಅದನ್ನ ಡಿಲೇ ಮತ್ತೆ ಡೆನಿಕರ್ ಅನ್ನೋ ಮನೋವೈದ್ಯರು ಪ್ಯಾರಿಸ್‌ನ ಮನೋರೋಗಿಗಳಿಗೆ ಕೊಟ್ಟಾಗ ವಾರ್ಡೇ ತಣ್ಣಗಾಯ್ತು. ಅದು ಡೋಪಮೈನ್ ಅನ್ನೋ ಮಿದುಳಿನ ರಾಸಾಯನಿಕದ ಕೆಲಸಕ್ಕೆ ತಡೆ ಹಾಕುತ್ತೆ ಅಂತ ತಿಳಿದಿದ್ದು ಎಷ್ಟೋ ವರ್ಷ ಆದ್ಮೇಲೆ. ಅದಕ್ಕೂ ಮೊದಲು 1931ರಲ್ಲೇ ಕಲ್ಕತ್ತಾದ ಗಣನಾಥ ಸೇನ್, ಕಾರ್ತಿಕ್ ಚಂದ್ರ ಬೋಸ್ ಸರ್ಪಗಂಧದ ಬೇರು ಹುಚ್ಚಿಗೂ ಬಿಪಿಗೂ ಆಗುತ್ತೆ ಅಂತ ಬರೆದಿದ್ರು, ಆಗ ಹೊರಗಿನವರ್ಯಾರೂ ಅಷ್ಟಾಗಿ ಗಮನ ಕೊಡ್ಲಿಲ್ಲ.

ನನಗೆ ಮಾತ್ರೆಗಿಂತ ದೊಡ್ಡ ಹೆಜ್ಜೆ ಅನ್ಸೋದು ಅಮೃತಸರದ್ದು. 1950ರ ದಶಕದಲ್ಲಿ ಅಲ್ಲಿನ ಮಾನಸಿಕ ಆಸ್ಪತ್ರೆಯ ಡಾ. ವಿದ್ಯಾಸಾಗರ್, ಆಸ್ಪತ್ರೆ ತುಂಬಿ ತುಳುಕ್ತಿದೆ ಸ್ಟಾಫ್ ಇಲ್ಲ ಅಂತ ಕೈಕಟ್ಟಿ ಕೂರದೆ, ಆವರಣದಲ್ಲೇ ಟೆಂಟ್ ಹಾಕಿಸಿ ಮನೆಯವರನ್ನೂ ರೋಗಿ ಜೊತೆ ಉಳಿಸ್ಕೊಂಡ್ರು. ಕಾಯಿಲೆ ಅಂದ್ರೇನು, ಯಾಕೆ ಬೈಬಾರ್ದು ಅಂತೆಲ್ಲ ಅವರಿಗೂ ಅಲ್ಲೇ ಗೊತ್ತಾಯ್ತು, ರೋಗಿಗಳು ಬೇಗ ಮನೆ ಸೇರಿದ್ರು. ಮುಂದೆ ವೆಲ್ಲೂರು, ಬೆಂಗಳೂರಲ್ಲೂ ಮನೆಯವರನ್ನ ಜೊತೆಗಿಟ್ಕೊಂಡೇ ಟ್ರೀಟ್ಮೆಂಟ್ ಕೊಡೋದು ಬಂತು. ಮನೆಯವರು ಅನ್ನೋದು ದನಿಯೊಳಗೂ ನುಗ್ಗುತ್ತೆ ಅನ್ನೋದಕ್ಕೆ ಒಂದು ಸ್ಟಡಿ ಇದೆ. ಟಾನ್ಯಾ ಲೂರ್ಮನ್ ಅನ್ನೋ ಮಾನವಶಾಸ್ತ್ರಜ್ಞೆಯ ತಂಡ ಕ್ಯಾಲಿಫೋರ್ನಿಯಾ, ಘಾನಾದ ಅಕ್ರಾ, ನಮ್ಮ ಚೆನ್ನೈ, ಒಂದೊಂದು ಕಡೆ ಇಪ್ಪತ್ತು ಜನ ರೋಗಿಗಳ ಹತ್ರ ನಿಮ್ಮ ದನಿ ಏನು ಹೇಳುತ್ತೆ ಅಂತ ಕೇಳ್ತು. ಅಮೆರಿಕದವರಿಗೆ ಜಾಸ್ತಿ ಹಿಂಸೆ, ಹೊಡಿ ಕೊಲ್ಲು ಅನ್ನೋದು. ಚೆನ್ನೈಯವರಲ್ಲಿ ಎಷ್ಟೋ ಜನಕ್ಕೆ ನೆಂಟರ ದನಿ, ಮನೆಗೆಲಸ ಮಾಡು ಅಂತ ಗದರೋದು.

ಹಾಗಂತ ಮನೆಯವರೆಲ್ಲ ದೇವರಲ್ಲ. 2001ರ ಆಗಸ್ಟ್‌ನಲ್ಲಿ ತಮಿಳುನಾಡಿನ ಏರ್ವಾಡಿ ದರ್ಗಾದ ಹತ್ರ, ಮನೆಯವರು ತಂದು ಬಿಟ್ಟಿದ್ದ ಜನ ಸರಪಳಿಯಲ್ಲಿದ್ದಾಗಲೇ ಶೆಡ್ಡಿಗೆ ಬೆಂಕಿ ಬಿದ್ದು 28 ಜನ ಸತ್ರು. ಪ್ಯಾರಿಸ್‌ನಲ್ಲಿ ಬಿಚ್ಚಿ ಇನ್ನೂರು ವರ್ಷ ಆದ್ಮೇಲೆ! ಯಾವ ರೀತೀಲೂ ಸರಪಳಿ ಹಾಕೋ ಹಾಗಿಲ್ಲ ಅಂತ ನಮ್ಮ ದೇಶದ 2017ರ ಮಾನಸಿಕ ಆರೋಗ್ಯ ಕಾಯ್ದೆ ಬಿಡಿಸಿ ಹೇಳ್ಬೇಕಾಯ್ತು.

ಆ ಫ್ಯಾನಿನ ಹುಡುಗ ಈಗ ಬಸ್‌ಸ್ಟ್ಯಾಂಡ್ ಹತ್ರ ಝೆರಾಕ್ಸ್ ಅಂಗಡಿ ಇಟ್ಕೊಂಡಿದಾನೆ. ರಾತ್ರಿ ಒಂದು ಮಾತ್ರೆ, ಮೈ ಸ್ವಲ್ಪ ದಪ್ಪ ಆಗಿದೆ, ಅದಕ್ಕೆ ಅವನಿಗೆ ಬೇಜಾರು. ಹೋದ ತಿಂಗಳು ಪಹಣಿ ಝೆರಾಕ್ಸ್ ಮಾಡಿಸೋಕೆ ಹೋದಾಗ ಧೈರ್ಯ ಮಾಡಿ ಕೇಳ್ದೆ, ಈಗ್ಲೂ ಕೇಳಿಸುತ್ತೇನೋ ಅಂತ. ಮೆಷಿನ್ ಮುಚ್ಚಳ ಎತ್ತಿ ಹಾಳೆ ತಿರುಗಿಸ್ತಾ "ಒಂದೊಂದ್ಸಲ ಬರುತ್ತಣ್ಣ, ಪಕ್ಕದ್ಮನೆ ಟೀವಿ ಥರ" ಅಂದ. ಮೇಲೆ ಫ್ಯಾನ್ ತಿರುಗ್ತಿತ್ತು.