ಗುರುಗ್ರಹಕ್ಕೆ ಆ ನೀಲಿ ಎಲ್ಲಿಂದ ಬಂತು?

ಚಾಮುಂಡಿ ಬೆಟ್ಟದ ಮೆಟ್ಟಿಲ ಬಳಿ ಸಣ್ಣದೊಂದು ದೂರದರ್ಶಕ ಇಟ್ಟು ನೋಡಿದರೆ ಗುರುಗ್ರಹ ಹಾಲಿನ ಕೆನೆಯ ಬಣ್ಣದಲ್ಲಿ ಕಾಣುತ್ತದೆ, ಅಡ್ಡಕ್ಕೆ ಎರಡು ಮಾಸಲು ಕಂದು ಪಟ್ಟೆ. ಅದೇ ಗ್ರಹ ಮೊಬೈಲಿಗೆ ಬರುವಾಗ ನವಿಲಿನ ಕತ್ತಿನ ನೀಲಿ ಹೊದ್ದು, ಸುಳಿಸುಳಿಯಾಗಿ ಬರುತ್ತದೆ. ‘ಇದು ನಿಜವಾದ ಬಣ್ಣವೇ?’ ಎಂದು ಮೈಸೂರಿನ ಕಾಲೇಜು ಮಕ್ಕಳು ಕೇಳುತ್ತಲೇ ಇರುತ್ತಾರೆ. ಹೌದು, ಇಲ್ಲ ಎಂದು ಒಂದೇ ಮಾತಿನಲ್ಲಿ ಮುಗಿಸುವುದಕ್ಕಿಂತ, ನೌಕೆ ಕಳಿಸಿದ ಕಚ್ಚಾ ಚಿತ್ರದಿಂದ ಒಮ್ಮೆ ತಾವೇ ಬಣ್ಣದ ಚಿತ್ರ ಕಟ್ಟಿ ನೋಡುವುದು ಮೇಲು. ಸಾಮಾನ್ಯ ಲ್ಯಾಪ್‌ಟಾಪ್ ಸಾಕು. ಚಿತ್ರ ತಿದ್ದುವ ಸಾಫ್ಟ್‌ವೇರ್ ಜಿಂಪ್, ಅದೂ ಉಚಿತ.

ಇದಕ್ಕೆ ನಾಸಾದ ಜೂನೋ ನೌಕೆಯ ಜೂನೋಕ್ಯಾಮ್ ಕ್ಯಾಮೆರಾ ಹೇಳಿಮಾಡಿಸಿದ್ದು. 2011ರಲ್ಲಿ ಹೊರಟ ಜೂನೋ 2016ರ ಜುಲೈನಲ್ಲಿ ಗುರುವಿನ ಕಕ್ಷೆ ಸೇರಿತು. ಈ ಕ್ಯಾಮೆರಾವನ್ನು ಇಟ್ಟಿದ್ದೇ ಮುಖ್ಯವಾಗಿ ಜನಸಾಮಾನ್ಯರಿಗಾಗಿ. ಕಚ್ಚಾ ಚಿತ್ರಗಳು ಯೋಜನೆಯ ಜಾಲತಾಣದಲ್ಲಿ ಎಲ್ಲರಿಗೂ ಸಿಗುತ್ತವೆ. ಆದರೆ ತೆರೆದ ತಕ್ಷಣ ಗಾಬರಿಯಾಗುತ್ತದೆ: ಗ್ರಹವೇ ಇಲ್ಲ! ಉದ್ದನೆಯ ಕಪ್ಪುಬಿಳುಪು ರಿಬ್ಬನ್, ಅದರಲ್ಲಿ ಅಡ್ಡಡ್ಡ ಕೊಯ್ದ ಬಾಗಿದ ತುಂಡುಗಳು. ಕಡತ ಕೆಟ್ಟಿಲ್ಲ, ಅದು ಇರುವುದೇ ಹಾಗೆ.

ಜೂನೋ ಬುಗುರಿಯಂತೆ ನಿಮಿಷಕ್ಕೆ ಸುಮಾರು ಎರಡು ಸುತ್ತು ತಿರುಗುತ್ತಲೇ ಇರುತ್ತದೆ. ಕ್ಯಾಮೆರಾಕ್ಕೆ ತಿರುಗುವ ಫಿಲ್ಟರ್ ಚಕ್ರವಿಲ್ಲ. ನೀಲಿ, ಹಸಿರು, ಕೆಂಪು, ಮೀಥೇನ್ ಎಂಬ ನಾಲ್ಕು ಫಿಲ್ಟರ್ ಪಟ್ಟಿಗಳನ್ನು ಸೆನ್ಸರ್ ಮೇಲೇ ಕೂರಿಸಿದ್ದಾರೆ. ನೌಕೆ ತಿರುಗಿದಂತೆ ಗ್ರಹದ ಬಿಂಬ ಈ ಪಟ್ಟಿಗಳ ಮೇಲೆ ಹಾದುಹೋಗುತ್ತದೆ. ಪ್ರತಿ ಪಟ್ಟಿಯಿಂದ 1648 ಪಿಕ್ಸೆಲ್ ಅಗಲ, 128 ಪಿಕ್ಸೆಲ್ ಎತ್ತರದ ತುಂಡು ಬರುತ್ತದೆ. ಬಣ್ಣದ ಚಿತ್ರದ ರಿಬ್ಬನ್ನಿನಲ್ಲಿ ಮೀಥೇನ್ ಬಿಟ್ಟು ಉಳಿದ ಮೂರು ನೀಲಿ, ಹಸಿರು, ಕೆಂಪು ಎಂಬ ಕ್ರಮದಲ್ಲಿ ಸಾಲಾಗಿ ಕೂತಿರುತ್ತವೆ. ಚಿತ್ರದ ಒಟ್ಟು ಎತ್ತರವನ್ನು 384ರಿಂದ ಭಾಗಿಸಿದರೆ ಎಷ್ಟು ಸರದಿ ಇದೆ ಎಂಬುದು ತಿಳಿಯುತ್ತದೆ.

ಮೊದಲು ಒಂದೊಂದು ಬಣ್ಣದ ತುಂಡುಗಳನ್ನು ಬೇರೆ ಮಾಡಿ. ಕೈಯಲ್ಲಿ ಕತ್ತರಿಸುವುದು ಬೇಸರದ ಕೆಲಸ, ಪೈಥಾನ್ ಪ್ರೋಗ್ರಾಮಿಂಗ್ ಬಲ್ಲವರಿಗೆ ಹತ್ತು ಸಾಲಿನ ಕೆಲಸ. ಆಮೇಲೆ ಒಂದೇ ಬಣ್ಣದ ತುಂಡುಗಳನ್ನು ಒಂದರ ಕೆಳಗೊಂದು ಜೋಡಿಸಬೇಕು. 128 ಪಿಕ್ಸೆಲ್‌ಗೊಂದು ಎಂದು ಇಟ್ಟಿರೋ, ಎಡವಿದಿರಿ: ಗ್ರಹದ ಅಂಚು ಮೆಟ್ಟಿಲಾಗುತ್ತದೆ, ಒಂದೇ ಮೋಡ ಎರಡೆರಡು ಸಲ ಕಾಣುತ್ತದೆ. ಎರಡು ತುಂಡುಗಳ ನಡುವಿನ ಸಮಯ ಸುಮಾರು 0.37 ಸೆಕೆಂಡು. ಅಷ್ಟರಲ್ಲಿ ನೌಕೆ ತಿರುಗುವುದು ನಾಲ್ಕೂವರೆ ಡಿಗ್ರಿಗಿಂತ ತುಸು ಕಡಿಮೆ, ಅಂದರೆ ಸುಮಾರು 115 ಪಿಕ್ಸೆಲ್. ಹಾಗಾಗಿ ಪ್ರತಿ ತುಂಡೂ ಹಿಂದಿನದರ ಮೇಲೆ ಹದಿಮೂರು ಸಾಲು ಹತ್ತಿ ಕೂರಬೇಕು.

ಮೂರೂ ಬಣ್ಣ ಸಿದ್ಧವಾದ ಮೇಲೆ ಜಿಂಪ್‌ನ ಕಲರ್ಸ್ ಮೆನುವಿನಲ್ಲಿ ಕಾಂಪೊನೆಂಟ್ಸ್, ಅದರಲ್ಲಿ ಕಂಪೋಸ್. ಇಲ್ಲೂ ಒಂದು ಜಾಗ್ರತೆ ಬೇಕು. ಮೂರು ಪಟ್ಟಿಗಳೂ ಒಂದೇ ಜಾಗವನ್ನು ಒಂದೇ ಕ್ಷಣಕ್ಕೆ ನೋಡಿರುವುದಿಲ್ಲ. ಸರಿಸದೆ ಕೂಡಿಸಿದರೆ ಹಳೇ ದೇವರ ಕ್ಯಾಲೆಂಡರಿನಲ್ಲಿ ತುಟಿಯ ಕೆಂಪು ಕೆನ್ನೆಗೆ ಜಾರಿರುತ್ತದಲ್ಲ, ಅದೇ ಪಾಡು. ಗ್ರಹದ ಅಂಚನ್ನು ಹಿಡಿದು ಮೇಲೆ ಕೆಳಗೆ ಸರಿಸಿ ಹೊಂದಿಸಿ.

ಈ ಸರಳ ವಿಧಾನ ನೌಕೆ ದೂರವಿದ್ದಾಗ ತೆಗೆದ ಚಿತ್ರಕ್ಕೆ ಮಾತ್ರ. ಗುರುವಿನ ಮೋಡಗಳಿಗೆ ಅತಿ ಹತ್ತಿರ, ನಾಲ್ಕು ಸಾವಿರ ಚಿಲ್ಲರೆ ಕಿಲೋಮೀಟರ್ ಎತ್ತರದಲ್ಲಿ, ಜೂನೋ ಸೆಕೆಂಡಿಗೆ ಸುಮಾರು 58 ಕಿ.ಮೀ. ಓಡುತ್ತದೆ. ಒಂದು ತುಂಡಿನಿಂದ ಇನ್ನೊಂದಕ್ಕೆ ಹೋಗುವಷ್ಟರಲ್ಲಿ 21 ಕಿ.ಮೀ.; ಅಲ್ಲಿ ಒಂದು ಪಿಕ್ಸೆಲ್ ಅಂದರೆ ಸುಮಾರು ಮೂರು ಕಿ.ಮೀ. ಹಾಗಾಗಿ ಏಳು ಪಿಕ್ಸೆಲ್‌ನಷ್ಟು ತಪ್ಪು ನುಸುಳುತ್ತದೆ. ಅದನ್ನು ಕೈಯಲ್ಲಿ ಎಷ್ಟು ಸರಿಸಿದರೂ ಪ್ರಯೋಜನವಿಲ್ಲ. ನೌಕೆಯ ಸ್ಥಾನ, ದಿಕ್ಕುಗಳ ದತ್ತಾಂಶವಾದ ಸ್ಪೈಸ್ ಕಡತಗಳನ್ನು ತಂದು, ಪ್ರತಿ ಪಿಕ್ಸೆಲನ್ನೂ ಗೋಳದ ಮೇಲೆ ಹಚ್ಚಬೇಕು. ಮೊದಲ ಸಲವೇ ಇದಕ್ಕೆ ಕೈಹಾಕಬೇಡಿ.

ಈಗ ನೀಲಿಯ ವಿಷಯ. ಕ್ಯಾಮೆರಾ ಅಳೆದ 12 ಬಿಟ್ ಬೆಳಕನ್ನು ಭೂಮಿಗೆ ಕಳಿಸುವ ಮೊದಲು ವರ್ಗಮೂಲದ ಲೆಕ್ಕದಲ್ಲಿ 8 ಬಿಟ್‌ಗೆ ಕುಗ್ಗಿಸಿರುತ್ತಾರೆ. ಅದನ್ನು ಮತ್ತೆ ಬಿಚ್ಚಿ, ಮೂರು ಬಣ್ಣಗಳ ಪ್ರಮಾಣವನ್ನು ಸೂರ್ಯನ ಬೆಳಕಿಗೆ ತಕ್ಕಂತೆ ಹೊಂದಿಸಿದರೆ ಬರುವುದು ಬೆಟ್ಟದಿಂದ ಕಂಡ ಅದೇ ಕೆನೆ ಬಣ್ಣ. ನೀರಸ, ಆದರೆ ಪ್ರಾಮಾಣಿಕ. ಮೋಡಮೋಡಗಳ ನಡುವಿನ ಬಣ್ಣದ ವ್ಯತ್ಯಾಸ ಅಲ್ಲಿ ಅತಿ ಸಣ್ಣದು. ಸ್ಯಾಚುರೇಷನ್ ಏರಿಸಿ, ಕಾಂಟ್ರಾಸ್ಟ್ ಎಳೆದರೆ ಆ ಸಣ್ಣ ವ್ಯತ್ಯಾಸ ದೊಡ್ಡದಾಗಿ, ಸ್ವಲ್ಪ ಕಡಿಮೆ ಕಂದಾಗಿದ್ದದ್ದು ನೀಲಿಯಾಗಿಬಿಡುತ್ತದೆ. ಅದನ್ನು ಸುಳ್ಳು ಎನ್ನಲಾಗದು. ಸುಳಿಗಳ ರಚನೆ ಕಾಣುವುದೇ ಹಾಗೆ ಎಳೆದಾಗ. ಎಳೆದಿದ್ದೇವೆ ಎಂದು ಅಡಿಬರಹದಲ್ಲಿ ಹೇಳದೆ ಬಿಡುವುದು ಮಾತ್ರ ತಪ್ಪು.

ಬಿಳಿ ಚುಕ್ಕಿಗಳ ಬಗ್ಗೆಯೂ ಒಂದು ಮಾತು. ಗುರುವಿನ ಸುತ್ತಲಿನ ವಿಕಿರಣ ಪಟ್ಟಿಯ ಕಣಗಳು ಸೆನ್ಸರಿಗೆ ಬಡಿದರೆ ಚುಕ್ಕಿ ಬೀಳುತ್ತದೆ. ಹೊಸಬರು ಅದನ್ನು ನಕ್ಷತ್ರ ಎಂದುಕೊಳ್ಳುತ್ತಾರೆ. ಒಂದೇ ಬಣ್ಣದಲ್ಲಿದ್ದು ಉಳಿದೆರಡರಲ್ಲಿ ಇಲ್ಲವಾದರೆ ಅದು ಬಹುತೇಕ ಕಣದ ಪೆಟ್ಟು. ಮೂರರಲ್ಲೂ ಅದೇ ಜಾಗದಲ್ಲಿದ್ದರೆ ನಿಂತು ನೋಡಿ. ಒಂದೇ ಬಣ್ಣದ ಚುಕ್ಕಿಗಳು 115 ಪಿಕ್ಸೆಲ್‌ಗೊಂದರಂತೆ ನೆಟ್ಟಗೆ, ರಂಗೋಲಿಯ ಚುಕ್ಕಿಯಿಟ್ಟ ಹಾಗೆ ಕೆಳಗಿಳಿದಿದ್ದರೆ, ಅದು ಸೆನ್ಸರಿನಲ್ಲೇ ಕೆಟ್ಟ ಪಿಕ್ಸೆಲ್. ಮೊದಲೇ ಚುಕ್ಕಿ ಅಳಿಸುವ ಫಿಲ್ಟರ್ ಓಡಿಸಿದರೆ ಈ ಪತ್ತೇದಾರಿಕೆಗೆ ಸಾಕ್ಷಿಯೇ ಉಳಿಯದು.

ಈ ವಿಕಿರಣ ಕ್ಯಾಮೆರಾವನ್ನೇ ಹದಗೆಡಿಸಿತ್ತು. 2023ರ ಕೊನೆಗೆ, ಗುರುವಿನ ಉಪಗ್ರಹ ಅಯೋ ಹತ್ತಿರ ಹಾಯುವ ಹೊತ್ತಿಗೆ ಚಿತ್ರಗಳೆಲ್ಲ ಗೀರುಗೀರಾಗಿದ್ದವು. ತಂಡ ಕ್ಯಾಮೆರಾಕ್ಕಿದ್ದ ಒಂದೇ ಹೀಟರನ್ನು ಪೂರ್ತಿ ಏರಿಸಿ ಕಾಯಿಸಿತು. ಬಿಸಿಗೆ ಬಿಡಿಭಾಗಗಳೊಳಗಿನ ದೋಷ ತಗ್ಗುತ್ತದೆ, ಕಮ್ಮಾರ ಕಬ್ಬಿಣ ಕಾಯಿಸಿ ನಿಧಾನ ಆರಿಸಿದ ಹಾಗೆ. ಡಿಸೆಂಬರ್ 30ರಂದು ಸುಮಾರು 1,500 ಕಿ.ಮೀ. ದೂರದಿಂದ ಅಯೋ ಸ್ವಚ್ಛವಾಗಿ ಸಿಕ್ಕಿತು.

ಅಯೋ ಬಣ್ಣ ಮಂಡ್ಯದವರಿಗೆ ಅಷ್ಟೇನೂ ಅಪರಿಚಿತವಲ್ಲ. ಸಕ್ಕರೆ ಕಾರ್ಖಾನೆಯಲ್ಲಿ ಗಂಧಕ ಸುಟ್ಟು, ಆ ಅನಿಲ ಹಾಯಿಸಿ ಕಬ್ಬಿನ ರಸವನ್ನು ತಿಳಿ ಮಾಡುತ್ತಾರೆ. ಅದೇ ಸಲ್ಫರ್ ಡೈಆಕ್ಸೈಡ್ ಅಯೋ ಮೇಲೆ ಹೆಪ್ಪುಗಟ್ಟಿ ಬಿಳಿ ಹಿಮವಾಗಿದೆ; ಹಳದಿ, ಕೆಂಪು ಕೂಡ ಬಹುಪಾಲು ಗಂಧಕದ ರೂಪಗಳೇ. ಈ ಗಂಧಕ ಉಗುಳುವ ಅಯೋದ ಜ್ವಾಲಾಮುಖಿ ಮೊದಲು ಕಂಡದ್ದು ‘ಕೆಟ್ಟ’ ಎಕ್ಸ್‌ಪೋಷರಿನಲ್ಲಿ. ಭಾನುವಾರ ಸಂಜೆ ಅರಮನೆಯ ದೀಪಕ್ಕೆ ಹೊಂದಿಸಿ ಫೋಟೋ ತೆಗೆದರೆ ಆಕಾಶ ಕಪ್ಪು. ನಕ್ಷತ್ರಕ್ಕೆ ಹೊಂದಿಸಿದರೆ ಅರಮನೆ ಬೆಳ್ಳಗೆ ಸುಟ್ಟುಹೋಗುತ್ತದೆ. 1979ರ ಮಾರ್ಚ್‌ನಲ್ಲಿ ವಾಯೇಜರ್ 1 ಹಾಗೇ ಅಯೋವನ್ನು ಸುಟ್ಟು, ಹಿಂದಿನ ನಕ್ಷತ್ರಗಳಿಗಾಗಿ ಚಿತ್ರ ತೆಗೆದಿತ್ತು. ನೌಕೆಯ ದಾರಿ ಲೆಕ್ಕ ಹಾಕುವ ತಂಡದ ಲಿಂಡಾ ಮೊರಾಬಿಟೊ ಮಸುಕು ನಕ್ಷತ್ರಕ್ಕಾಗಿ ಅದರ ಹೊಳಪು ಎಳೆದಾಗ ಅಂಚಿನಲ್ಲಿ ಛತ್ರಿಯಂಥ ಹೊಗೆ ಕಂಡಿತು.

ಜೇಮ್ಸ್ ವೆಬ್ ಬಾಹ್ಯಾಕಾಶ ದೂರದರ್ಶಕದ ಗುರುವಿನ ಚಿತ್ರಕ್ಕೆ ‘ನಿಜ ಬಣ್ಣ’ ಎಂಬ ಮಾತೇ ಅನ್ವಯಿಸದು. 2022ರಲ್ಲಿ ಬಂದ ಚಿತ್ರ ಪೂರ್ತಿ ಕಣ್ಣಿಗೆ ಕಾಣದ ಅವಕೆಂಪಿನದು: 3.6 ಮೈಕ್ರೋಮೀಟರ್ ತರಂಗಕ್ಕೆ ಕೆಂಪು, 2.12ಕ್ಕೆ ಹಳದಿ ಹಸಿರು, 1.5ಕ್ಕೆ ತಿಳಿನೀಲಿ ಎಂದು ಹಂಚಿದ್ದಾರೆ. ಗುರುವಿನ ದೊಡ್ಡ ಕೆಂಪು ಮಚ್ಚೆ ಎಂಬ ಬಿರುಗಾಳಿ ಅದರಲ್ಲಿ ಬಿಳಿ, ಏಕೆಂದರೆ ಅದರ ಎತ್ತರದ ಮಂಜು ಸೂರ್ಯನ ಬೆಳಕನ್ನು ಚೆನ್ನಾಗಿ ಹಿಂದೆ ಎಸೆಯುತ್ತದೆ. ಜೂನೋಕ್ಯಾಮ್‌ನ 889 ನ್ಯಾನೋಮೀಟರ್ ಮೀಥೇನ್ ಫಿಲ್ಟರಿನಲ್ಲೂ ಅದು ಹೊಳೆಯುವುದು ಇದಕ್ಕೇ. ಫಿಲ್ಟರ್ ಹೆಸರು ಬರೆಯದ ಜೇಮ್ಸ್ ವೆಬ್ ಚಿತ್ರ ಕಂಡರೆ ಬಣ್ಣದ ಬಗ್ಗೆ ತಲೆಕೆಡಿಸಿಕೊಳ್ಳಬೇಡಿ, ಹೊಳಪು ಮಾತ್ರ ಓದಿ.

ಬಣ್ಣದ ರಗಳೆಯೇ ಬೇಡ ಎನ್ನುವವರಿಗೆ ಚಂದ್ರಯಾನ–2 ಇದೆ. ಮೈಸೂರು ರಸ್ತೆಯಲ್ಲಿ ಬಿಡದಿ ಕಡೆಯ ಬ್ಯಾಲಾಳುವಿನ 32 ಮೀಟರ್ ಆ್ಯಂಟೆನಾ ಇಸ್ರೋದ ಇಂಥ ದೂರದ ನೌಕೆಗಳ ಜತೆ ಮಾತಾಡುತ್ತದೆ. ದತ್ತಾಂಶ ಇಸ್ರೋದ ‘ಪ್ರದಾನ್’ ಜಾಲತಾಣದಲ್ಲಿ ಹೆಸರು ನೋಂದಾಯಿಸಿದರೆ ಸಿಗುತ್ತದೆ. ನೌಕೆಯ ಟಿಎಂಸಿ–2 ಕ್ಯಾಮೆರಾ ತೆಗೆದ ಚಂದ್ರನ ಚಿತ್ರದಲ್ಲಿ ಒಂದು ಪಿಕ್ಸೆಲ್‌ಗೆ 5 ಮೀಟರ್, ಕಪ್ಪುಬಿಳುಪು. ಅಲ್ಲಿನ ಮೋಸ ಬೇರೆ: ಬೆಳಕು ಕೆಳಗಿನಿಂದ ಬಿದ್ದಿದ್ದರೆ ಗುಂಡಿಗಳೆಲ್ಲ ಗುಡ್ಡವಾಗಿ ಕಾಣುತ್ತವೆ, ಕಣ್ಣು ಎಷ್ಟು ಉಜ್ಜಿದರೂ ಹೋಗದು. ಚಿತ್ರದ ಜತೆಗಿನ ಎಕ್ಸ್‌ಎಂಎಲ್ ಕಡತದಲ್ಲಿ ಸೂರ್ಯನ ದಿಕ್ಕು ಹುಡುಕಿ, ಬೆಳಕು ಮೇಲಿನಿಂದ ಬರುವಂತೆ ಚಿತ್ರ ತಿರುಗಿಸಿ, ಆಮೇಲೆ ಗುಂಡಿ ಎಣಿಸಿ.