ಹದಿನೆಂಟು ಎರರ್, ತಪ್ಪು ಒಂದೇ

ಜೂನ್‌ನಲ್ಲಿ ಕಾಲೇಜು ಶುರುವಾಯಿತೆಂದರೆ ನನ್ನ ಫೋನಿಗೆ ಒಂದೇ ಬಗೆಯ ಫೋಟೊಗಳು ಬರುತ್ತವೆ. ಕಂಪ್ಯೂಟರ್ ಪರದೆ, ಅದರ ತುಂಬ ಎರರ್. ಕಳಿಸುವವರು ಉಡುಪಿ, ಮಣಿಪಾಲ ಕಡೆಯ ಗಣಿತ, ಫಿಸಿಕ್ಸ್ ಮೇಷ್ಟ್ರುಗಳು. ಲೇಟೆಕ್ (LaTeX) ಎಂಬ, ಆದೇಶ ಬರೆದು ಪುಟ ಜೋಡಿಸುವ ತಂತ್ರಾಂಶದಲ್ಲಿ ಅಭ್ಯಾಸದ ಹಾಳೆ ಮಾಡಲು ಕೂತವರು.

ಮೊನ್ನೆ ಒಬ್ಬ ಪಿಯು ಲೆಕ್ಚರರ್ ಫೋನ್ ಮಾಡಿದರು. “ನಿನ್ನೆವರೆಗೆ ಸರಿ ಇತ್ತು ಮಾರಾಯ್ರೆ. ಈಗ ನೋಡಿದ್ರೆ 18 ಎರರ್. ಬೆಳಿಗ್ಗೆ ಕ್ಲಾಸಿಗೆ ಮೊದಲು ಜೆರಾಕ್ಸ್ ಆಗ್ಬೇಕು.”

“ಸರ್, ಲಾಗ್ ಫೈಲ್ ತೆರೆಯಿರಿ, ಲೇಟೆಕ್ ತಾನು ಮಾಡಿದ್ದನ್ನೆಲ್ಲ ಬರೆದಿಡುವ ಫೈಲ್ ಅದು. ಆಶ್ಚರ್ಯಸೂಚಕ ಚಿಹ್ನೆಯಿಂದ ಶುರುವಾಗುವ ಮೊದಲ ಸಾಲು ಮಾತ್ರ ಓದಿ” ಎಂದೆ.

ಪಟ್ಟಿ ಮಾಡುವ ‘ಎನ್ಯೂಮ್‌ಐಟೆಮ್’ ಪ್ಯಾಕೇಜ್‌ಗೆ (ಪ್ಯಾಕೇಜ್ ಎಂದರೆ ಲೇಟೆಕ್‌ಗೆ ಸೇರಿಸಿಕೊಳ್ಳುವ ಹೆಚ್ಚುವರಿ ಸೌಲಭ್ಯ) ಕಂಸದೊಳಗಿನ ‘ಎ’ ಏನೆಂದು ಗೊತ್ತಾಗಿಲ್ಲ, ಅಷ್ಟೇ ಅಲ್ಲಿದ್ದದ್ದು. ಅವರ ಹಳೆಯ ಹಾಳೆಯಲ್ಲಿ ‘ಎನ್ಯೂಮರೇಟ್’ ಪ್ಯಾಕೇಜ್ ಇತ್ತು. ಅದರಲ್ಲಿ ಚೌಕ ಆವರಣದೊಳಗೆ ಸುಮ್ನೆ ಕಂಸ ಹಾಕಿ ‘ಎ’ ಬರೆದರೆ ಸಾಕು, ಉಪಪ್ರಶ್ನೆಗಳಿಗೆ ಎ, ಬಿ, ಸಿ ತಾನಾಗಿ ಬೀಳುತ್ತದೆ. ಸಾಲುಗಳ ನಡುವಿನ ಜಾಗ ಕಡಿಮೆ ಮಾಡಲೆಂದು ಅವರು ಅದನ್ನು ತೆಗೆದು ಎನ್ಯೂಮ್‌ಐಟೆಮ್ ಹಾಕಿದ್ದರು. ಇದು ಅದೇ ಜಾಗದಲ್ಲಿ ‘ಲೇಬಲ್ ಸಮ ಇಂಥದ್ದು’ ಎಂಬ ರೀತಿಯ ಬರಹ ಕೇಳುತ್ತದೆ. 18 ಪ್ರಶ್ನೆಗಳ ಕೆಳಗೂ ಅದೇ ಪಟ್ಟಿ, ಹಾಗಾಗಿ 18 ಸಲ ಅದೇ ದೂರು. ಪ್ಯಾಕೇಜ್ ಕರೆಯುವ ಸಾಲಿನಲ್ಲಿ ‘ಶಾರ್ಟ್‌ಲೇಬಲ್ಸ್’ ಎಂಬ ಆಯ್ಕೆ ಸೇರಿಸಿದರು. ಎಲ್ಲವೂ ಹೋಯಿತು. ಹದಿನೆಂಟು ಕಡೆ ತಿದ್ದಲು ಹೊರಟಿದ್ದರೆ ರಾತ್ರಿಯೆಲ್ಲ ಅದಕ್ಕೇ ಹೋಗುತ್ತಿತ್ತು, ಅಲ್ವಾ?

‘ಫೈಲ್ ಸಿಗಲಿಲ್ಲ’ ಎಂಬ ಎರರ್‌ಗೆ ಹೆದರಬೇಡಿ. ಹೆಸರಿನಲ್ಲಿ ಅಕ್ಷರತಪ್ಪು ಇಲ್ಲದಿದ್ದರೆ ಆ ಪ್ಯಾಕೇಜ್ ನಿಮ್ಮ ಕಂಪ್ಯೂಟರಿನಲ್ಲಿ ಇಲ್ಲ ಎಂದರ್ಥ. ಉಬುಂಟುವಿನಲ್ಲಿ ಟೆಕ್‌ಲೈವ್ ಎಂಬ ಲೇಟೆಕ್ ಸಂಗ್ರಹದ ಬೇಸ್ ಮಾತ್ರ ಹಾಕಿಕೊಂಡವರಿಗೆ ಇದು ಜಾಸ್ತಿ, ‘ಲೇಟೆಕ್ ಎಕ್ಸ್‌ಟ್ರಾ’ ಕೂಡ ಹಾಕಿಕೊಳ್ಳಿ. ಇಂಥದ್ದೇ ಇನ್ನೊಂದು ಸಂಗ್ರಹ ಮಿಕ್‌ಟೆಕ್, ಅದು ಬೇಕಾದ್ದನ್ನು ಬೇಕಾದಾಗಲೇ ನೆಟ್‌ನಿಂದ ತರಿಸಿಕೊಳ್ಳುತ್ತದೆ. ನಮ್ಮ ಮಳೆಗಾಲದಲ್ಲಿ ಕರೆಂಟು, ನೆಟ್ ಎರಡೂ ನಂಬುವಂಥವಲ್ಲ. ಬೇಸಿಗೆಯಲ್ಲೇ ಎಲ್ಲ ತರಿಸಿಟ್ಟುಕೊಳ್ಳುವುದು ಒಳ್ಳೆಯದು.

ಹಿರಿಯರಿಂದ ಬಂದ ಹಾಳೆಗಳಲ್ಲಿ ಪ್ರಶ್ನೆ ಹಾಳೆ ಮಾಡುವ ‘ಎಕ್ಸ್‌ಶೀಟ್ಸ್’ ಪ್ಯಾಕೇಜ್ ಇನ್ನೂ ಕಾಣುತ್ತದೆ. ಅದರ ಕಾಲ ಮುಗಿದಿದೆ. ಅದನ್ನು ಬರೆದವರೇ 2017ರಲ್ಲಿ ‘ಎಕ್ಸ್‌ಸಿಮ್’ ತಂದರು. ಆದರೆ ಪ್ಯಾಕೇಜಿನ ಹೆಸರು ಮಾತ್ರ ಬದಲಿಸಿದರೆ ಕೆಲಸ ಕೆಡುತ್ತದೆ. ಹಳೆಯದರಲ್ಲಿ ‘ಕ್ವೆಶ್ಚನ್’ ಎಂದಿದ್ದದ್ದು ಹೊಸದರಲ್ಲಿ ‘ಎಕ್ಸರ್ಸೈಸ್’. ಎಕ್ಸ್‌ಸಿಮ್ ಹಾಕಿದ ಹಾಳೆಯನ್ನು ಒಂದೇ ಸಲ ಓಡಿಸಿದರೆ ಸಾಲದು, ಎರಡು ಮೂರು ಸಲ ಓಡಿಸಬೇಕು. ತಪ್ಪು ತಿದ್ದಿದ ಮೇಲೂ ಅದೇ ಎರರ್ ಬಂದರೆ ಆಕ್ಸ್ ಫೈಲ್ (ಲೇಟೆಕ್ ಹಿಂದಿನ ಸಲದ್ದನ್ನು ಬರೆದಿಟ್ಟುಕೊಳ್ಳುವ ಫೈಲ್) ಅಳಿಸಿ ಮತ್ತೊಮ್ಮೆ ಓಡಿಸಿ. ಹಳೆಯ ಗಲೀಜು ಅಲ್ಲೇ ಉಳಿದಿರುತ್ತದೆ.

ನನಗೆ ಹೆಚ್ಚು ಕಾಳಜಿ ಇರುವುದು ಕನ್ನಡದ ಹಾಳೆಗಳ ಬಗ್ಗೆ. ಹೈಸ್ಕೂಲಿನ ಟೀಚರ್ ಒಬ್ಬರು ಮೊದಲು ಪಿಡಿಎಫ್‌ಲೇಟೆಕ್ ಎಂಬ ಲೇಟೆಕ್ ಎಂಜಿನ್‌ನಲ್ಲಿ ಓಡಿಸಿದ್ದರು. ಫಾಂಟ್ ಆರಿಸುವ ‘ಫಾಂಟ್‌ಸ್ಪೆಕ್’ ಪ್ಯಾಕೇಜ್ ಅಲ್ಲಿ ನಡೆಯುವುದಿಲ್ಲ, ಝೀಲೇಟೆಕ್ ಅಥವಾ ಲುವಾಲೇಟೆಕ್ ಎಂಜಿನ್ ಬೇಕು. ಝೀಲೇಟೆಕ್‌ಗೆ ಬದಲಿಸಿದರು. ಎರರ್ ಹೋಯಿತು, ಆದರೆ ಹಾಳೆಯಲ್ಲಿ ಕನ್ನಡವೇ ಇಲ್ಲ, ಅಂಕಿಗಳು ಮಾತ್ರ! ಕನ್ನಡ ಫಾಂಟ್ ಹೇಳಿರಲಿಲ್ಲ. ಇಂಥದ್ದಕ್ಕೆ ಎರರ್ ಬರುವುದಿಲ್ಲ, ಅಕ್ಷರ ಸಿಗಲಿಲ್ಲ ಎಂದು ಲಾಗ್‌ನಲ್ಲಿ ಬರೆದಿರುತ್ತದೆ. ನೋಟೊ ಸಾನ್ಸ್ ಕನ್ನಡ ಎಂಬ ಫಾಂಟ್ ಹಾಕಿದರು. ಅಕ್ಷರ ಬಂತು, ಒತ್ತು ಬರಲಿಲ್ಲ. ‘ಪ್ರಶ್ನೆ’ ಎಂಬುದು ‘ಪ್‌ರಶ್‌ನೆ’ ಎಂದು ಬಿಡಿ ಬಿಡಿಯಾಗಿ ಬಿತ್ತು. ಫಾಂಟ್ ಹೇಳುವ ಸಾಲಿನಲ್ಲಿ ‘ಸ್ಕ್ರಿಪ್ಟ್ ಸಮ ಕನ್ನಡ’ ಎಂದು ಸೇರಿಸಿದ ಮೇಲೆ ರ ಮತ್ತು ನ ತಮ್ಮ ಜಾಗಕ್ಕೆ ಹೋಗಿ ಕೂತವು.